ಕುರುವಾಯಿ ಬೇರೆ, ಕೆಂಪುಮೂತಿ ಬೇರೆ

ಚಿಕ್ಕಪ್ಪ, ನೀವು ಹಾಕಿದ ಎರಡೂ ಫೋಟೋ ನೋಡಿದೆ. ಎರಡೂ ತೆಂಗಿಗೆ ಬರುವ ಹುಳುವೇ ಅಲ್ವಾ, ಒಂದೇ ಔಷಧಿ ಸಾಕಾ ಅಂತ ಕೇಳಿದ್ದೀರಿ. ಸಾಲುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳಿ.

ಕಪ್ಪಗೆ ದಪ್ಪಗಿದ್ದು ತಲೆ ಮೇಲೆ ಕೊಂಬಿದೆಯಲ್ಲ, ಅದು ಕುರುವಾಯಿ. ರೈನೋಸರಸ್ ದುಂಬಿ ಅನ್ನುವುದೂ ಇದನ್ನೇ. ಇನ್ನೊಂದು, ಉದ್ದ ಮೂತಿಯ ಕೆಂಚು ಬಣ್ಣದ್ದು, ಕೆಂಪುಮೂತಿ ಹುಳು. ಎರಡೂ ದುಂಬಿಗಳೇ. ಆದರೆ ಕುರುವಾಯಿಯಲ್ಲಿ ಮರ ಕೆಡಿಸುವುದು ಬೆಳೆದ ದುಂಬಿ, ಕೆಂಪುಮೂತಿಯಲ್ಲಿ ಅದರ ಮರಿಹುಳು. ಎಲ್ಲಿ ಕೈ ಹಾಕಬೇಕು ಅನ್ನುವುದು ಇದರ ಮೇಲೇ ನಿಂತಿದೆ.

ಕುರುವಾಯಿ ರಾತ್ರಿ ಹಾರಿ ಬಂದು ಸುಳಿ ಕೊರೆಯುತ್ತದೆ. ಬಿಚ್ಚದ ಗರಿಯನ್ನು ಒಳಗೇ ಕಡಿದಿರುತ್ತದೆ. ಗರಿ ಬಿಚ್ಚಿದಾಗ ಕತ್ತರಿ ಆಡಿಸಿದ ಹಾಗೆ ಕಾಣುತ್ತದೆ. ಅದರ ಗೊಣ್ಣೆಹುಳು ಇರುವುದು ತಿಪ್ಪೆಯಲ್ಲಿ, ಕೊಳೆತ ಬೊಡ್ಡೆಯಲ್ಲಿ. ತಿಪ್ಪೆ ಬಿಟ್ಟು ಸುಮ್ನೆ ಮರಕ್ಕೆ ಹೊಡೆಯುತ್ತಿದ್ದರೆ ಹೊಸ ದುಂಬಿ ಬರುತ್ತಲೇ ಇರುತ್ತದೆ. ಗೊಬ್ಬರ ತಿರುವಿ ಹುಳು ಆರಿಸಿ ತೆಗೆಯಿರಿ, ಹುಳು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರವನ್ನು ಗೊಬ್ಬರಕ್ಕೆ ಬೆರೆಸಿ. ಎಳೆ ಮರಗಳ ಸುಳಿಯ ಪಕ್ಕದ ಗರಿ ಎಡೆಗೆ ಬೇವಿನ ಹಿಂಡಿ, ಮರಳು ಸಮ ಸೇರಿಸಿ ತುಂಬಿ.

ನನಗೆ ಜಾಸ್ತಿ ಭಯ ಕೆಂಪುಮೂತಿಯದೇ. ಅದು ಮರದ ಗಾಯ ಹುಡುಕಿ ಮೊಟ್ಟೆ ಇಡುತ್ತದೆ. ಕಾಲೇ ಇಲ್ಲದ ಮರಿಹುಳು ಕಾಂಡದೊಳಗೆ ತಿನ್ನುತ್ತಾ ಬೆಳೆದು, ಅಲ್ಲೇ ನಾರಿನ ಗೂಡು ಕಟ್ಟಿ ದುಂಬಿಯಾಗುತ್ತದೆ. ಹೊರಗೆ ಕಾಣುವುದು ಸಣ್ಣ ತೂತು, ಕಂದು ರಸ, ಅಗಿದ ನಾರು, ಅಷ್ಟೇ. ಸುಳಿ ವಾಲಿದ ಮೇಲೆ ಮರ ಉಳಿಯುವುದು ಕಷ್ಟ. ಕುರುವಾಯಿ ಕೊರೆದ ತೂತೂ ಕೆಂಪುಮೂತಿಗೆ ಗಾಯವೇ! ಅದಕ್ಕೇ ಕುರುವಾಯಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಸಿ ಗರಿ ಕಡಿಯುವಾಗಲೂ ಬುಡದಲ್ಲಿ ನಾಲ್ಕು ಅಡಿ ಬಿಟ್ಟು ಕಡಿಸಿ, ಹತ್ತಲು ಕಾಂಡಕ್ಕೆ ಕಚ್ಚು ಹಾಕಿಸಬೇಡಿ.

ವಾಸನೆ ತೋರಿಸಿ ದುಂಬಿ ಹಿಡಿಯುವ ಮೋಹಕ ಬಲೆ ತರುವುದಾದರೆ ಯಾವ ಹುಳುವಿನದು ಅಂತ ಕೇಳಿಯೇ ತನ್ನಿ. ಒಂದರ ವಾಸನೆಗೆ ಇನ್ನೊಂದು ಬರುವುದಿಲ್ಲ. ಬಲೆಯನ್ನು ಎಳೆ ಮರಗಳಿಂದ ದೂರ ಕಟ್ಟಿ.

ಕೆಂಪುಮೂತಿ ಸಿಕ್ಕಿದ್ದು ಯಾವ ಮರದ ಹತ್ತಿರ, ಚಿಕ್ಕಪ್ಪ? ಇವತ್ತೇ ಅದರ ಕಾಂಡಕ್ಕೆ ಕಿವಿ ಇಟ್ಟು ನೋಡಿ, ಹುಳು ಕಡಿಯುವ ಸದ್ದು ಕೇಳಿಸಬಹುದು. ರಸ ಸೋರುವ ಜಾಗ ಇದ್ದರೆ ಹತ್ತಿರದಿಂದ ಫೋಟೋ ತೆಗೆದು ಇಲ್ಲೇ ಹಾಕಿ.