ಸಿದ್ದಿ ಸಮುದಾಯದವರ ಭಾವಚಿತ್ರಗಳನ್ನು ಹೇಗೆ ತೆಗೆಯಬೇಕು?

ಪ್ರಶ್ನೆ: ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಕುಟುಂಬಗಳ ಒಪ್ಪಿಗೆ ಪಡೆದು ಅವರ ಭಾವಚಿತ್ರಗಳನ್ನು ತೆಗೆಯಬೇಕೆಂದಿದ್ದೇನೆ. ಪತ್ರಿಕೆಗಳಲ್ಲಿ ಅವರು ಕಾಣಿಸುವುದು ಹೆಚ್ಚಾಗಿ ಡಮಾಮಿ ಕುಣಿತದ ವೇಷದಲ್ಲಿಯೇ. ಆ ಚೌಕಟ್ಟಿನಿಂದ ಹೊರಬರುವ ದಾರಿ ಯಾವುದು?

ಉತ್ತರ 1: 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ, ಬ್ರಿಟಿಷ್ ಆಡಳಿತ ಹೊರತಂದ ಫೋಟೋ ಸಂಗ್ರಹ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ ಚಿತ್ರಗಳ ಕೆಳಗೆ ಹೆಚ್ಚಾಗಿ ಇದ್ದದ್ದು ಜಾತಿಯ ಅಥವಾ ಬುಡಕಟ್ಟಿನ ಹೆಸರು, ವ್ಯಕ್ತಿಯ ಹೆಸರಲ್ಲ. ಒಪ್ಪಿದವರ ಹೆಸರು, ಕಸುಬು ಎರಡನ್ನೂ ನೀವು ತಪ್ಪದೆ ಬರೆಯಿರಿ.

ಉತ್ತರ 2: ಮಾಲಿ ದೇಶದ ಬಮಾಕೊದಲ್ಲಿ 1948ರಲ್ಲಿ ಸ್ಟುಡಿಯೋ ತೆರೆದ ಛಾಯಾಗ್ರಾಹಕ ಸೇದು ಕೇಟಾ ಅವರ ಚಿತ್ರಗಳನ್ನು ನೋಡಿ. ಚಿತ್ತಾರದ ಬಟ್ಟೆಯನ್ನು ಹಿಂದೆ ಇಳಿಬಿಟ್ಟು, ಕೈಗಡಿಯಾರ, ರೇಡಿಯೋ, ಸ್ಕೂಟರುಗಳನ್ನು ಒದಗಿಸಿ, ಗಿರಾಕಿಗಳು ತಾವು ಹೇಗೆ ಕಾಣಬಯಸಿದರೋ ಹಾಗೆಯೇ ಅವರನ್ನು ತೋರಿಸಿದರು. ಹಣ ಕೊಟ್ಟು ಬಂದವರ ಠೀವಿ ಅಲ್ಲಿದೆ. ನನ್ನ ಮಟ್ಟಿಗೆ, ಜಾತಿಯ ಹೆಸರಿನಡಿ ತೆಗೆದ ಆ ಹಳೆಯ ಚಿತ್ರಗಳಿಗೂ ಇವಕ್ಕೂ ಅದೇ ಮುಖ್ಯ ವ್ಯತ್ಯಾಸ.

ಉತ್ತರ 3: ಬೆಳಕಿನ ಬಗ್ಗೆಯೂ ಒಂದು ಮಾತು. ಹಿಂದೆ ಸುಣ್ಣದ ಗೋಡೆಯಿದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಗೋಡೆಯನ್ನೇ ಲೆಕ್ಕಹಾಕಿ ಮುಖವನ್ನು ಮಸಿಯಾಗಿಸುತ್ತದೆ. ಜಗುಲಿಯ ನೆರಳಿನಲ್ಲಿ ಕೂರಿಸಿ, ಕೆನ್ನೆಯ ಮೇಲೆಯೇ ಸ್ಪಾಟ್ ಮೀಟರಿಂಗ್ (ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವುದು) ಮಾಡಿ. ಆಮೇಲೆ ಎಡಿಟಿಂಗಿನಲ್ಲಿ ಮೈಬಣ್ಣವನ್ನು ತಿಳಿಯಾಗಿಸಬೇಡಿ.