ಟಚ್‌ಮೂವ್ ಒಮ್ಮೆ ಬಂದು ನಿಂತುಹೋಗುತ್ತದೆ, ಎಳೆದ ಸಾಲು ಬೆರಳಿನ ಜೊತೆ ಬರುವುದಿಲ್ಲ

ಎಳೆದುಸೋತವ:
ಪಟ್ಟಿಯ ಸಾಲುಗಳನ್ನು ಎಳೆದು ಮೇಲೆ ಕೆಳಗೆ ಜೋಡಿಸುವ ಸೌಲಭ್ಯವನ್ನು ಬರೆಯುತ್ತಿದ್ದೇನೆ. ಮೌಸ್‌ನಲ್ಲಿ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಮೊಬೈಲಿನಲ್ಲಿ ಮಾತ್ರ ಸಾಲು ಒಂದಿಷ್ಟು ಅಲುಗಿ ನಿಲ್ಲುತ್ತದೆ, ಪುಟ ಸ್ಕ್ರಾಲ್ ಆಗುತ್ತದೆ. ಬೆರಳು ತಾಗಿದಾಗ ಬರುವ ಟಚ್‌ಸ್ಟಾರ್ಟ್, ಸರಿದಾಗ ಬರುವ ಟಚ್‌ಮೂವ್, ಈ ಎರಡು ಈವೆಂಟುಗಳಲ್ಲೂ ಬ್ರೌಸರಿನ ಸಹಜ ಕ್ರಿಯೆಯನ್ನು ತಡೆಯುವ ಪ್ರಿವೆಂಟ್‌ಡಿಫಾಲ್ಟ್ ಇದೆ. ಕೋಡ್ ತೀರಾ ಸಾಮಾನ್ಯವಾದದ್ದಾದ್ದರಿಂದ ಇಲ್ಲಿ ಹಾಕಿಲ್ಲ. ಮೂರು ದಿನಗಳು ಹಾಳಾದವು.

ಕನ್ಸೋಲ್‌ಕಾವಲು:
ನಿಮ್ಮ ಲಿಸನರುಗಳು (ಈವೆಂಟಿಗೆ ಓಗೊಡುವ ಫಂಕ್ಷನ್‌ಗಳು) ಬಹುಶಃ ಡಾಕ್ಯುಮೆಂಟ್ ಮೇಲಿವೆ. 2017ರ ಕ್ರೋಮ್ 56ರಿಂದ ಈಚೆಗೆ ವಿಂಡೋ, ಡಾಕ್ಯುಮೆಂಟ್ ಮತ್ತು ಬಾಡಿಯ ಮೇಲಿನ ಈ ಎರಡು ಲಿಸನರುಗಳನ್ನು ಬ್ರೌಸರ್ ತಾನಾಗಿಯೇ ಪ್ಯಾಸಿವ್ (ಸ್ಕ್ರಾಲನ್ನು ತಡೆಯದವು) ಎಂದು ಪರಿಗಣಿಸುವುದರಿಂದ ನಿಮ್ಮ ಪ್ರಿವೆಂಟ್‌ಡಿಫಾಲ್ಟ್‌ಗೆ ಅಲ್ಲಿ ಬೆಲೆಯಿಲ್ಲ, ಐಒಎಸ್ 11.3ರ ಸಫಾರಿಯೂ ಅದೇ ದಾರಿ ಹಿಡಿದಿದೆ. ಆ್ಯಡ್‌ಈವೆಂಟ್‌ಲಿಸನರ್‌ನ ಮೂರನೆಯ ಆರ್ಗ್ಯುಮೆಂಟಿನಲ್ಲಿ ಪ್ಯಾಸಿವ್ ಫಾಲ್ಸ್ ಎಂದು ಕೊಡಿ, ಮುಗಿಯಿತು.

ಎಳೆದುಸೋತವ:
ಕೊಟ್ಟೆ. ಪುಟ ಈಗ ಸ್ಕ್ರಾಲ್ ಆಗುತ್ತಿಲ್ಲ. ಸಾಲು ಮಾತ್ರ ಮೊದಲಿನಂತೆಯೇ ಅರ್ಧದಲ್ಲಿ ನಿಲ್ಲುತ್ತದೆ.

ಕನ್ಸೋಲ್‌ಕಾವಲು:
ಹಾಗಾದರೆ ಎಲ್ಲೋ ಇನ್ನೊಂದು ಲಿಸನರ್ ಪ್ಯಾಸಿವ್ ಆಗಿಯೇ ಉಳಿದಿದೆ. ರಿಯಾಕ್ಟ್ ಬಳಸುತ್ತಿದ್ದೀರಾ? ಅದರ 17ನೆಯ ಆವೃತ್ತಿಯಿಂದ ಆನ್‌ಟಚ್‌ಮೂವ್ ಪ್ಯಾಸಿವ್ ಆಗಿರುತ್ತದೆ.

ಎಳೆದುಸೋತವ:
ಯಾವ ಫ್ರೇಮ್‌ವರ್ಕೂ ಇಲ್ಲ. ಪುಟ ಅಲುಗಾಡುತ್ತಿಲ್ಲವೆಂದು ಈಗಷ್ಟೇ ಬರೆದಿದ್ದೇನಲ್ಲ.

ಪಾಯಿಂಟರ್‌ಪಕ್ಷ:
ಸಫಾರಿ 13ರಲ್ಲಿ ಪಾಯಿಂಟರ್ ಈವೆಂಟುಗಳು ಬಂದ ಮೇಲೂ ಟಚ್‌ಮೂವ್ ಹಿಡಿದು ಒದ್ದಾಡುವುದೇಕೆ? ಪಾಯಿಂಟರ್‌ಮೂವ್ ಬರೆದರೆ ಮೌಸ್, ಪೆನ್, ಬೆರಳು ಎಲ್ಲಕ್ಕೂ ಒಂದೇ ಕೋಡ್ ಸಾಕು. ನನ್ನ ಚಿತ್ರ ಬಿಡಿಸುವ ಆ್ಯಪ್ ಪೂರ್ತಿ ಅದರಲ್ಲೇ ಇದೆ.

ಕನ್ಸೋಲ್‌ಕಾವಲು:
ಬೆರಳಿನ ಯಾವ ಚಲನೆಯನ್ನು ಬ್ರೌಸರ್ ನಿಭಾಯಿಸಬಹುದೆಂದು ಹೇಳುವ ಟಚ್-ಆ್ಯಕ್ಷನ್ ಕೊಡದಿದ್ದರೆ ಅಲ್ಲಿಯೂ ಬ್ರೌಸರ್ ಸ್ಕ್ರಾಲನ್ನು ಕೈಗೆ ತೆಗೆದುಕೊಂಡು ಪಾಯಿಂಟರ್‌ಕ್ಯಾನ್ಸಲ್ ಕಳುಹಿಸಿ ಈವೆಂಟುಗಳನ್ನು ನಿಲ್ಲಿಸುತ್ತದೆ. ಅದನ್ನು ಹೇಳದೆ ಇವರನ್ನು ದಾರಿ ತಪ್ಪಿಸಬೇಡಿ.

ಪಾಯಿಂಟರ್‌ಪಕ್ಷ:
ಅದು ಒಂದು ಸಾಲಿನ ಸಿಎಸ್‌ಎಸ್. ಅದನ್ನೂ ಬಿಡಿಸಿ ಹೇಳಬೇಕಾಗುತ್ತದೆಂದು ತಿಳಿದಿರಲಿಲ್ಲ.

ನಿಧಾನಿ:
ಇಬ್ಬರೂ ಸ್ವಲ್ಪ ತಡೆಯಿರಿ. ಕ್ರೋಮ್‌ನಲ್ಲಿ ಸ್ಕ್ರಾಲ್ ಆರಂಭವಾದ ಮೇಲೂ ಟಚ್‌ಮೂವ್ ವಿರಳವಾಗಿಯಾದರೂ ಬರುತ್ತಿರುತ್ತದೆ, ಅದರ ಕ್ಯಾನ್ಸಲೆಬಲ್ ಮಾತ್ರ ಫಾಲ್ಸ್ ಆಗಿರುತ್ತದೆ, ಅಂದರೆ ಅದನ್ನು ತಡೆಯಲಾಗದು. ನಿಮ್ಮಲ್ಲಿ ಏನೇನು ಬರುತ್ತಿದೆ, ಮೊದಲ ಚಲನೆಗೆ ನಿಮ್ಮ ಕೋಡ್ ಏನು ಮಾಡುತ್ತದೆ, ಎರಡನ್ನೂ ತಿಳಿಸಿ.

ಎಳೆದುಸೋತವ:
ಒಂದು ಟಚ್‌ಸ್ಟಾರ್ಟ್, ಒಂದು ಟಚ್‌ಮೂವ್, ಅಷ್ಟೇ. ಬೆರಳೆತ್ತಿದರೂ ಟಚ್‌ಎಂಡ್ ಬರುವುದಿಲ್ಲ. ಮೊದಲ ಚಲನೆಗೆ ಅರೇಯ ಕ್ರಮ ಬದಲಿಸಿ, ಇನ್ನರ್‌ಎಚ್‌ಟಿಎಂಎಲ್ ಮೂಲಕ ಇಡೀ ಪಟ್ಟಿಯನ್ನು ಹೊಸದಾಗಿ ಬರೆಯುತ್ತೇನೆ. ಅದು ಎಲ್ಲರೂ ಮಾಡುವುದೇ ತಾನೆ?

ನಿಧಾನಿ:
ಕಾರಣ ಅಲ್ಲಿಯೇ ಇದೆ. ಬೆರಳು ಮೊದಲು ಯಾವ ಎಲಿಮೆಂಟನ್ನು ಮುಟ್ಟಿತೋ, ಎತ್ತುವವರೆಗೂ ಆ ಸ್ಪರ್ಶದ ಎಲ್ಲ ಈವೆಂಟುಗಳ ಟಾರ್ಗೆಟ್ ಅದೇ ಆಗಿರುತ್ತದೆ. ಪಟ್ಟಿಯನ್ನು ಪುನಃ ಬರೆದಾಗ ಆ ಹಳೆಯ ಸಾಲು ಡಾಮ್‌ನಿಂದ (ಪುಟದ ಎಲಿಮೆಂಟುಗಳ ಮರದಿಂದ) ಕಿತ್ತುಹೋಗುತ್ತದೆ, ಈವೆಂಟುಗಳು ಕಿತ್ತುಹೋದ ಅದಕ್ಕೇ ಹೋಗುತ್ತಿರುತ್ತವೆ, ಆದರೆ ಅಲ್ಲಿಂದ ಡಾಕ್ಯುಮೆಂಟಿಗೆ ಬಬಲ್ ಆಗಲು (ಮೇಲೇರಲು) ದಾರಿಯೇ ಇರುವುದಿಲ್ಲ. ಮೌಸ್ ಈವೆಂಟ್ ಆಯಾ ಕ್ಷಣದಲ್ಲಿ ಕರ್ಸರಿನ ಕೆಳಗಿರುವ ಎಲಿಮೆಂಟಿಗೆ ಹೋಗುವುದರಿಂದ ಅಲ್ಲಿ ಈ ದೋಷ ಕಾಣಲಿಲ್ಲ. ಎಳೆಯುವಾಗ ಸಾಲನ್ನು ಟ್ರಾನ್ಸ್‌ಫಾರ್ಮ್‌ನಿಂದ ಸರಿಸಿ, ಬೆರಳಿನಡಿ ಯಾವ ಸಾಲಿದೆಯೆಂದು ಎಲಿಮೆಂಟ್‌ಫ್ರಮ್‌ಪಾಯಿಂಟ್‌ನಿಂದ ತಿಳಿದುಕೊಳ್ಳಿ (ಎಳೆಯುತ್ತಿರುವ ಸಾಲಿಗೆ ಪಾಯಿಂಟರ್-ಈವೆಂಟ್ಸ್ ‘none’ ಕೊಡದಿದ್ದರೆ ಅದೇ ಅಡ್ಡ ಬರುತ್ತದೆ), ಪಟ್ಟಿಯನ್ನು ಟಚ್‌ಎಂಡ್‌ನಲ್ಲಿ ಮಾತ್ರ ಬರೆಯಿರಿ. ಅಲ್ಲಿ ಟಚಸ್ (ಪರದೆಯ ಮೇಲಿರುವ ಬೆರಳುಗಳ ಪಟ್ಟಿ) ಖಾಲಿ ಇರುತ್ತದೆ, ಬೆರಳಿನ ಸ್ಥಾನ ಚೇಂಜ್ಡ್‌ಟಚಸ್‌ನಲ್ಲಿ ಸಿಗುತ್ತದೆ.

ಎಳೆದುಸೋತವ:
ಸಾಲು ಬೆರಳಿಗೆ ಅಂಟಿದಂತೆ ಬರುತ್ತಿದೆ, ಧನ್ಯವಾದಗಳು. ಆದರೆ ಈಗ ಪಟ್ಟಿಯೇ ಸ್ಕ್ರಾಲ್ ಆಗುವುದಿಲ್ಲ!

ನಿಧಾನಿ:
ಪ್ರತಿ ಸಾಲಿನ ಅಂಚಿಗೆ ಒಂದು ಸಣ್ಣ ಹಿಡಿಯನ್ನಿಟ್ಟು, ಟಚ್-ಆ್ಯಕ್ಷನ್ ‘none’ ಎಂಬುದನ್ನೂ ಪ್ರಿವೆಂಟ್‌ಡಿಫಾಲ್ಟನ್ನೂ ಅದಕ್ಕೆ ಮಾತ್ರ ಸೀಮಿತಗೊಳಿಸಿ. ಟಚ್-ಆ್ಯಕ್ಷನನ್ನು ಬೆರಳು ತಾಗುವ ಮೊದಲೇ ಕೊಟ್ಟಿರಬೇಕು. ಎಳೆತದ ನಡುವೆ ಬದಲಿಸಿದರೆ ಆ ಸ್ಪರ್ಶಕ್ಕೆ ಅನ್ವಯಿಸುವುದಿಲ್ಲ.

ಪಾಯಿಂಟರ್‌ಪಕ್ಷ:
ಪಾಯಿಂಟರ್ ಈವೆಂಟುಗಳಲ್ಲಿ ಕ್ಯಾಪ್ಚರ್ (ಎಲ್ಲ ಈವೆಂಟುಗಳೂ ತನಗೇ ಬರುವ ಏರ್ಪಾಡು) ಹಿಡಿದ ಎಲಿಮೆಂಟ್ ಕಿತ್ತುಹೋದರೆ ಕ್ಯಾಪ್ಚರ್ ತಾನಾಗಿ ಬಿಡುಗಡೆಯಾಗುತ್ತದೆ, ಮುಂದಿನ ಈವೆಂಟುಗಳು ಬೆರಳಿನಡಿಯ ಎಲಿಮೆಂಟಿಗೆ ಹೋಗುತ್ತವೆ. ನಾನು ಹೇಳಿದ್ದನ್ನು ಮಾಡಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ಕನ್ಸೋಲ್‌ಕಾವಲು:
ಪ್ಯಾಸಿವ್ ಫಾಲ್ಸ್ ಕೊಡದೆ ಪುಟ ನಿಲ್ಲುತ್ತಿತ್ತೇ ಎಂಬುದನ್ನೂ ಬರೆದುಬಿಡಿ.