ಪುನರ್ವಸು ಮಳೇಲಿ ಓಡೋದಾದ್ರೂ ಎಲ್ಲಿ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯೆ): ಮೇಡಂ ನಮಸ್ಕಾರ. ನಂಗೆ 44 ವರ್ಷ. ಶುಗರ್ ಬಾರ್ಡರ್‌ನಲ್ಲಿದೆ, ಮಾತ್ರೆ ಶುರು ಮಾಡಿಲ್ಲ. ಜನವರಿಯಿಂದ ಮೇ ತನಕ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ನಡೀತಿದ್ದೆ, ನಡುವೆ ಚೂರುಚೂರು ಓಡೋದೂ ಅಭ್ಯಾಸ ಆಗಿತ್ತು. ಆರಿದ್ರಾ ಹಿಡಿದದ್ದೇ ಎಲ್ಲ ನಿಂತೋಯ್ತು. ರಸ್ತೆ ತುಂಬ ಪಾಚಿ, ಅಂಚಿಗೆ ಕಾಲಿಟ್ರೆ ಇಂಬಳ, ಶೂ ಬಚ್ಚಲ ಒಲೆ ಹತ್ರ ಮೂರು ದಿನ ಇಟ್ರೂ ಒಣಗ್ತಿಲ್ಲ. ಮಗ ಟ್ರೆಡ್‌ಮಿಲ್ ತರ್ತೀನಿ ಅಂತಾನೆ. ನಮ್ಮನೆಯವರು "ತೋಟದಲ್ಲಿ ಓಡಾಡೋದು ಸಾಲ್ದಾ? ದುಡ್ಡು ಕೊಟ್ಟು ಗಾಣದ ಎತ್ತು ಆಗ್ಬೇಕಾ?" ಅಂತಾರೆ. ನಿಜಕ್ಕೂ ಪ್ರಯೋಜನ ಇದ್ಯಾ?

ಉತ್ತರ (ಫಿಸಿಯೋಥೆರಪಿಸ್ಟ್, ಶಿವಮೊಗ್ಗ): ನಿಮ್ಮನೆಯವರ ಮಾತು ಒಂದು ರೀತೀಲಿ ಸರಿಯೇ. 1818ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ವಿಲಿಯಂ ಕ್ಯೂಬಿಟ್ ಇಂಥ ತುಳಿಯೋ ಚಕ್ರ ಮಾಡಿದ್ದು ಜೈಲಿನ ಕೈದಿಗಳಿಗೆ. ಗಾಣದ ಎತ್ತೇ! ಆದ್ರೆ ಕೈದಿಗೆ ಇಳಿಯೋ ಸ್ವಾತಂತ್ರ್ಯ ಇರ್ಲಿಲ್ಲ, ನಿಮಗಿದೆ.

ತೋಟದ ಕೆಲಸ ಕಮ್ಮಿ ಅಂತ ನಾನು ಹೇಳಲ್ಲ. ಆದ್ರೆ ಅಲ್ಲಿ ನಾಲ್ಕು ಹೆಜ್ಜೆ ಹಾಕ್ತೀರಿ, ಬಗ್ತೀರಿ, ನಿಂತು ಮಾತಾಡ್ತೀರಿ. ಎದೆಬಡಿತ ಏರಿ ಅಲ್ಲೇ ಒಂದಷ್ಟು ಹೊತ್ತು ನಿಲ್ಲೋದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ, ಓಟವಾದ್ರೆ 75 ನಿಮಿಷ. ಐದು ತಿಂಗಳು ಕಟ್ಟಿದ್ದು ಮಳೆಗಾಲದ ನಾಲ್ಕು ತಿಂಗಳಲ್ಲಿ ಕೊಚ್ಚಿ ಹೋಗದ ಹಾಗೆ ನೋಡ್ಕೊಳ್ಳೋದೇ ಈ ಯಂತ್ರದ ದೊಡ್ಡ ಉಪಕಾರ.

ಶುಗರ್ ವಿಷಯಕ್ಕೆ ಬಂದ್ರೆ, ದುಡಿಯೋ ಸ್ನಾಯು ರಕ್ತದಲ್ಲಿರೋ ಸಕ್ಕರೆಯನ್ನ ಇನ್ಸುಲಿನ್ ನೆರವಿಲ್ಲದೆಯೂ ಎಳೆದುಕೊಳ್ತದೆ. ಹಾಗಾಗಿ ರಾತ್ರಿ ಊಟ ಆದ ಮೇಲೆ ಹದಿನೈದು ನಿಮಿಷ ನಿಧಾನ ನಡೆದ್ರೂ ಊಟದ ನಂತರದ ಏರಿಕೆ ತಗ್ತದೆ. ಹೊರಗೆ ಧೋ ಅಂತ ಸುರೀತಿರುವಾಗ ಲೈಟಿಲ್ಲದ ರಸ್ತೇಲಿ ಇದನ್ನ ಮಾಡೋಕಾಗ್ತದಾ? ಊಟದ ಮೇಲೆ ಓಟ ಮಾತ್ರ ಬೇಡ.

ಶುರು ಹೀಗೆ ಮಾಡಿ. ಐದು ನಿಮಿಷ ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೀರಿ. ಆಮೇಲೆ ಒಂದು ನಿಮಿಷ 7ರಲ್ಲಿ ಓಟ, ಎರಡು ನಿಮಿಷ 5ರಲ್ಲಿ ನಡಿಗೆ. ಇದನ್ನ ಆರೇಳು ಸಲ. ಕೊನೆಗೆ ಮತ್ತೆ ಐದು ನಿಮಿಷ ನಿಧಾನ. ನಡೆಯುವಾಗ ಪೂರ್ತಿ ವಾಕ್ಯ ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು. ಅಷ್ಟಿದ್ರೆ ವೇಗ ಸರಿಯಿದೆ. ಮುಂದಿನ ಸರಳು ಹಿಡ್ಕೊಂಡೇ ನಡೀಬೇಡಿ. ಅರ್ಧ ಭಾರ ಕೈಗೆ ಕೊಟ್ಟು ಕಾಲಿಗೆ ಕೆಲಸ ಆಯ್ತು ಅಂದುಕೊಳ್ಳೋದು ಅದು.

ಇನ್ನು ಖುಷಿ. ನಾನು ಮೊದಲು ಯಂತ್ರವನ್ನ ಗೋಡೆಗೆ ಮುಖ ಮಾಡಿ ಇಟ್ಟಿದ್ದೆ. ಹತ್ತು ನಿಮಿಷ ಅಂದ್ರೆ ಒಂದು ಯುಗ. ಸೆಕೆಂಡು ನೋಡೋದು ಅಕ್ಕಿ ಬೇಯೋದನ್ನ ಪಾತ್ರೆ ಮುಂದೆ ನಿಂತು ಕಾದ ಹಾಗೆ. ಒಂದಿನ ಕಿಟಕಿ ಕಡೆ ತಿರುಗಿಸಿ, ನಿಮಿಷ ತೋರಿಸೋ ಯಂತ್ರದ ಪರದೆ ಮೇಲೆ ಟವಲ್ ಹಾಕಿದೆ. ಹೊರಗೆ ಸೋಗೆಯಿಂದ ನೀರು ಇಳೀತಿತ್ತು, ಒಳಗೆ ನನ್ನ ಹೆಜ್ಜೆ ಟಪ್ ಟಪ್ ಅಂತ ಒಂದೇ ಲಯಕ್ಕೆ ಬಂತು. ಕಲ್ಲು, ಗುಂಡಿ, ನಾಯಿ, ಬಸ್ಸು ಯಾವುದನ್ನೂ ನೋಡಬೇಕಿಲ್ಲ. ಟವಲ್ ತೆಗೆದಾಗ 26 ನಿಮಿಷ ಆಗಿತ್ತು.

ಸಾಗರದ ಸದಸ್ಯರು, ನಿವೃತ್ತ ಮೇಷ್ಟ್ರು: ಮಂಡಿ ಸವೆದು ಹೋಗಲ್ವಾ ಮೇಡಂ?

ಉತ್ತರ: ಓಡಿದ್ರೆ ಮಂಡಿ ಸವೀತದೆ ಅನ್ನೋದು ಹಳೇ ನಂಬಿಕೆ ಸರ್. ಹವ್ಯಾಸಕ್ಕೆ ಮಿತವಾಗಿ ಓಡೋರಲ್ಲಿ ಮಂಡಿ ಸವೆತ ಹೆಚ್ಚೇನೂ ಕಂಡಿಲ್ಲ. ಕೆಡೋದು ಒಂದೇ ವಾರದಲ್ಲಿ ಎರಡರಷ್ಟು ಓಡಿದಾಗ, ದೂರ ಕಾಲು ಚಾಚಿ ಹಿಮ್ಮಡಿ ಕುಟ್ಟಿದಾಗ. ಹೆಜ್ಜೆ ಗಿಡ್ಡ ಮಾಡಿ, ಬೇಗಬೇಗ ಇಡಿ. ಮಂಡಿ ಮೇಲಿನ ಹೊರೆ ಇಳೀತದೆ. ಈಗಾಗ್ಲೇ ಊತ ಇದ್ರೆ ಮೊದಲು ತೋರಿಸಿ. ಎದೆನೋವಿನ ಇತಿಹಾಸ ಇದ್ರೆ ಟಿಎಂಟಿ (ನಡೆಸಿ ಹೃದಯ ನೋಡೋ ಪರೀಕ್ಷೆ) ಬೇಕಾ ಅಂತ ಡಾಕ್ಟರ್ ಹೇಳ್ತಾರೆ. ಅದೂ ಟ್ರೆಡ್‌ಮಿಲ್ಲೇ: 1963ರಲ್ಲಿ ಡಾ. ರಾಬರ್ಟ್ ಬ್ರೂಸ್ ಪ್ರಕಟಿಸಿದ ಕ್ರಮದಲ್ಲಿ ಮೂರು ಮೂರು ನಿಮಿಷಕ್ಕೆ ವೇಗ, ಏರು ಎರಡೂ ಹೆಚ್ಚಿಸ್ತಾರೆ.

ಶಿವಮೊಗ್ಗದ ಹುಡುಗ: ಮಳೆ ಬಿಟ್ಟ ಮೇಲೆ ಕೊಡಚಾದ್ರಿ ಹತ್ತೋ ಪ್ಲಾನ್ ಇದೆ ಮೇಡಂ. ಜಿಮ್ಮಲ್ಲಿ ಟ್ರೆಡ್‌ಮಿಲ್ ಏರಿಸಿ ನಡೆದ್ರೆ ಸಾಕಾ?

ಉತ್ತರ: ಹತ್ತೋದಕ್ಕೆ ಸಾಕು. 10 ಪರ್ಸೆಂಟ್ ಏರು ಅಂದ್ರೆ ಸಾವಿರ ಮೀಟರ್ ನಡೆದ್ರೆ ನೂರು ಮೀಟರ್ ಮೇಲೆ. 5ರ ವೇಗದಲ್ಲಿ ಅರ್ಧ ಗಂಟೆಗೆ 250 ಮೀಟರ್ ಹತ್ತಿದ ಲೆಕ್ಕ. ಮೊದಲ ದಿನವೇ 10ಕ್ಕೆ ಹಾಕಬೇಡ, ಮೀನಖಂಡ ಹಿಡ್ಕೊಳ್ತದೆ. 3ರಿಂದ ಶುರು ಮಾಡು. ಆದ್ರೆ ಸಾಮಾನ್ಯ ಟ್ರೆಡ್‌ಮಿಲ್ ಹತ್ತಿಸ್ತದೆ, ಇಳಿಸೋದಿಲ್ಲ. 1,343 ಮೀಟರ್ ಬೆಟ್ಟದಿಂದ ಬಂದವರಿಗೆ ಮರುದಿನ ತೊಡೆ ನಡುಗೋದು ಇಳಿದದ್ದಕ್ಕೆ. ವಾರಕ್ಕೆರಡು ದಿನ ಮೆಟ್ಟಿಲು ನಿಧಾನ ಇಳಿಯೋ ಅಭ್ಯಾಸ ಮಾಡು.

ಹೊಸನಗರದ ಸದಸ್ಯರು: ಎಂತ ಮಾರಾಯ್ರೆ, ನಮ್ಮಲ್ಲಿ ಕರೆಂಟೇ ಇರೋಲ್ಲ! ಇನ್ವರ್ಟರ್‌ಗೆ ಹಾಕಬಹುದಾ?

ಉತ್ತರ: ಬೇಡ. 2 ಎಚ್‌ಪಿ ಮೋಟರ್ ಅಂದ್ರೆ ಸುಮಾರು 1,500 ವ್ಯಾಟ್, ಲೈಟು-ಫ್ಯಾನಿನ ಇನ್ವರ್ಟರ್ ಅದನ್ನ ತಡೆಯಲ್ಲ. ಅರ್ಥಿಂಗ್ ಸರಿಯಿರೋ ದೊಡ್ಡ ಪ್ಲಗ್ಗಿಗೇ ಹಾಕಿ, ಗುಡುಗು ಶುರುವಾದ್ರೆ ಪಿನ್ ಕಿತ್ತಿಡಿ. ಓಡ್ತಿರುವಾಗ ಕರೆಂಟ್ ಹೋದ್ರೆ ಬೆಲ್ಟು ಗಕ್ಕನೆ ನಿಲ್ತದೆ, ಅದಕ್ಕೇ ವೇಗ ಹದದಲ್ಲಿರಲಿ. ಬಿದ್ರೆ ದಾರ ಎಳೆದು ಯಂತ್ರ ನಿಲ್ಲಿಸೋ ಕೆಂಪು ದಾರದ ಕ್ಲಿಪ್ಪನ್ನ ಬಟ್ಟೆಗೆ ಸಿಕ್ಕಿಸೋದು ಮರೀಬೇಡಿ. ಫೋನ್ ತಗೊಳ್ಳೋಕೆ ಅಂತ ನಾನೊಮ್ಮೆ ಪಕ್ಕಕ್ಕೆ ಇಳಿದು, ಓಡ್ತಿದ್ದ ಬೆಲ್ಟಿನ ಮೇಲೆ ಹಾಗೇ ಕಾಲಿಟ್ಟೆ. ಹಿಂದಿನ ಗೋಡೆ ತನಕ ಹೋಗಿ ಬಿದ್ದೆ. ಮಂಡಿ ಚರ್ಮ ಕಿತ್ತಿತ್ತು, ಕ್ಲಿಪ್ಪು ಮೇಜಿನ ಮೇಲಿತ್ತು.

ಬೆಲ್ಟಿನಡಿಗೆ ಸಿಲಿಕೋನ್ ಎಣ್ಣೆ ಮಾತ್ರ. ನಮ್ಮ ಸಂಬಂಧಿಕರೊಬ್ಬರು ತೆಂಗಿನೆಣ್ಣೆ ಬಿಟ್ಟಿದ್ರು. ವಾರವಿಡೀ ಮನೆಯೆಲ್ಲ ಕೊಬ್ಬರಿ ಮಿಠಾಯಿ ಪರಿಮಳ, ಆಮೇಲೆ ಜಿಗುಟು ಹಿಡಿದು ಬೆಲ್ಟೇ ಬದಲಾಯಿಸಬೇಕಾಯ್ತು.

ಮೊದಲು ಕೇಳಿದ ಸದಸ್ಯೆ (ಮೂರು ವಾರದ ನಂತರ): ಮೇಡಂ, ಯಂತ್ರ ಬಂತು. ಜಗಲಿ ಕಿಟಕಿ ಎದುರಿಗೆ ಇಟ್ಟಿದೀವಿ, ತೋಟ ಕಾಣ್ತದೆ. ಒಂದು ನಿಮಿಷದ ಓಟ ಈಗ ಮೂರಕ್ಕೆ ಬಂದಿದೆ. ಶುಗರ್ ಇನ್ನೂ ಟೆಸ್ಟ್ ಮಾಡ್ಸಿಲ್ಲ, ಆದ್ರೆ ರಾತ್ರಿ ನಿದ್ದೆ ಚೆನ್ನಾಗಿ ಬರ್ತಿದೆ. ಗಾಣದ ಎತ್ತು ಅಂದವರು ಮೊನ್ನೆ ನಾನು ಪೇಟೆಗೆ ಹೋಗಿದ್ದಾಗ ಹತ್ತಿದ್ರಂತೆ, ಮಗ ಹೇಳಿದ. ಈಗ ಅತ್ತೆಗೂ ಆಸೆ. 71 ವರ್ಷ. ಸೀರೆ ಉಟ್ಟುಕೊಂಡೇ ನಡೀಬಹುದಾ?

ಉತ್ತರ: ಸೀರೆ ಬೇಡ, ಸೆರಗು-ನೆರಿಗೆ ರೋಲರ್‌ಗೆ ಸಿಕ್ಕಿಹಾಕ್ಕೊಳ್ತದೆ. ಚೂಡಿದಾರ ಒಪ್ತಾರಾ ಕೇಳಿ. ಬಿಪಿ ನೋಡಿಸಿ, ಡಾಕ್ಟರ್ ಹ್ಞೂಂ ಅಂದ್ರೆ 2ರ ವೇಗದಲ್ಲಿ ಐದು ನಿಮಿಷ. ಅವರಿಗೆ ಮಾತ್ರ ಸರಳು ಹಿಡ್ಕೊಳ್ಳೋಕೆ ಬಿಡಿ, ನೀವು ಪಕ್ಕದಲ್ಲೇ ನಿಂತಿರಿ.